ರಿಮ್ಮಿನಿಂದ ಕಳಚಿದ ಟೈರನ್ನು ಮತ್ತೆ ಕೂರಿಸುವುದು

ಪಂಕ್ಚರ್ ಆದ ಟೈರು ಬೇರೆ, ರಿಮ್ಮಿನಿಂದ ಕಳಚಿದ ಟೈರು ಬೇರೆ. ಪಂಕ್ಚರ್ ಆದಾಗ ಗಾಳಿ ಹೋಗಿರುತ್ತದೆ; ಟೈರು ಮಾತ್ರ ತನ್ನ ಜಾಗದಲ್ಲೇ ಇರುತ್ತದೆ. ಕಳಚಿದಾಗ ಟೈರಿನ ಅಂಚೇ ರಿಮ್ಮಿನ ಮೇಲಿನ ತನ್ನ ಪೀಠ ಬಿಟ್ಟು ಸರಿದಿರುತ್ತದೆ. ಕೆಸರುಗದ್ದೆಯಲ್ಲಿ ಬದುವಿನ ಪಕ್ಕ ಟ್ರ್ಯಾಕ್ಟರನ್ನು ತಿರುಗಿಸುವಾಗ, ಕಬ್ಬು ಹೇರಿದ ಟ್ರೈಲರನ್ನು ಇಕ್ಕಟ್ಟಾದ ದಾರಿಯಲ್ಲಿ ಹೊರಳಿಸುವಾಗ, ಮುಂದಿನ ಸಣ್ಣ ಚಕ್ರ ಓರೆಯಾಗಿ ಬದುವಿಗೆ ಬಡಿದಾಗ ಹೀಗಾಗುವುದುಂಟು. ಟ್ರ್ಯಾಕ್ಟರ್ ಇಟ್ಟುಕೊಂಡ ರೈತರಲ್ಲಿ ಒಮ್ಮೆಯಾದರೂ ಇದನ್ನು ಕಾಣದವರು ವಿರಳ. ಸರಿಪಡಿಸಲು ಹೋಗಿ ಟ್ಯೂಬು ಕೊಯ್ದುಕೊಂಡವರು, ಟೈರನ್ನೇ ಕೆಡಿಸಿಕೊಂಡವರು, ಪ್ರಾಣಕ್ಕೇ ಅಪಾಯ ತಂದುಕೊಂಡವರೂ ಇದ್ದಾರೆ.

ಬೇಸಾಯಶಾಸ್ತ್ರದ ಪಾಠ ಹೇಳುವವನಿಗೆ ಟೈರಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರವಾಗಿ ನನ್ನದೇ ತಪ್ಪೊಂದನ್ನು ಮೊದಲು ಹೇಳಿಬಿಡುತ್ತೇನೆ.

ನಾನೇ ಇಳಿಸಿದ ಗಾಳಿ

ಕೆಲವು ವರ್ಷಗಳ ಹಿಂದೆ ಜುಲೈ ತಿಂಗಳಲ್ಲಿ ರಾಗಿ ಬಿತ್ತನೆಗಾಗಿ ಕೆಂಪು ಮಣ್ಣಿನ ಹೊಲವೊಂದನ್ನು ಹದ ಮಾಡಿಸುತ್ತಿದ್ದೆ. ಟೈರು ನೆಲದ ಮೇಲೆ ಹಾಕುವ ಒತ್ತಡವು ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ಗಾಳಿ ಹೆಚ್ಚಿದ್ದರೆ ನೆಲ ಮುಟ್ಟುವ ಜಾಗ ಕಿರಿದಾಗಿ ಮೇಲ್ಮಣ್ಣು ಬಿಗಿಯುತ್ತದೆ. ಗಾಳಿ ಇಳಿಸಿದರೆ ಭಾರ ಹೆಚ್ಚು ಜಾಗಕ್ಕೆ ಹರಡಿ ಮೇಲ್ಮಣ್ಣು ಸಡಿಲವಾಗಿಯೇ ಉಳಿಯುತ್ತದೆ. ಇದು ನಾನು ತರಗತಿಯಲ್ಲಿ ಪ್ರತಿವರ್ಷ ಹೇಳುವ ಪಾಠ. ಪಾಠ ತಪ್ಪೇನೂ ಅಲ್ಲ. ಆದ್ದರಿಂದ ಹಿಂದಿನ ಚಕ್ರಗಳ ಗಾಳಿ ಇಳಿಸುವಂತೆ ನಮ್ಮ ಚಾಲಕರಿಗೆ ಹೇಳಿದೆ. ಎಷ್ಟು ಇಳಿಸಬೇಕೆಂದು ಹೇಳಲಿಲ್ಲ. ಅಳೆಯಲು ಗೇಜೂ ನಮ್ಮ ಬಳಿ ಇರಲಿಲ್ಲ. ಅವರು ಟೈರನ್ನು ಕಾಲಿನಿಂದ ಒದ್ದು ನೋಡಿ, “ಇಷ್ಟು ಸಾಕಾ ಸಾರ್?” ಎಂದರು. ನಾನು ತಲೆಯಾಡಿಸಿದೆ.

ಆಗಸ್ಟಿನಲ್ಲಿ ಅದೇ ಟ್ರ್ಯಾಕ್ಟರು ರೋಟವೇಟರ್ ಹೊತ್ತು ಭತ್ತದ ಗದ್ದೆಗೆ ಇಳಿಯಿತು. ಇಳಿಸಿದ್ದ ಗಾಳಿಯನ್ನು ಮತ್ತೆ ತುಂಬಿಸಬೇಕೆಂಬುದು ಯಾರಿಗೂ ನೆನಪಾಗಲಿಲ್ಲ. ಮೂರನೆಯ ಸುತ್ತಿನಲ್ಲಿ, ಬದುವಿನ ಮಗ್ಗುಲಿಗೆ ಹತ್ತಿ ತಿರುಗುವಾಗ, ಎಡಗಡೆಯ ಹಿಂದಿನ ಟೈರು ‘ಬುಸ್’ ಎಂದು ರಿಮ್ಮಿನಿಂದ ಸರಿಯಿತು. ಗದ್ದೆಯ ನಡುವೆ ನಿಲ್ಲಿಸುವುದು ಬೇಡ, ಹತ್ತು ಮಾರು ಮುಂದೆ ಗಟ್ಟಿ ನೆಲಕ್ಕೆ ತನ್ನಿ ಎಂದವನೂ ನಾನೇ. ಆ ಹತ್ತು ಮಾರಿನಲ್ಲಿ ರಿಮ್ಮು ತಿರುಗಿತು, ಟೈರು ಅಷ್ಟು ತಿರುಗಲಿಲ್ಲ. ರಿಮ್ಮಿನ ತೂತಿನಲ್ಲಿ ಸಿಕ್ಕಿಕೊಂಡಿದ್ದ ವಾಲ್ವು ಟ್ಯೂಬಿನಿಂದ ಬುಡಸಹಿತ ಕಿತ್ತುಬಂತು. ಆ ಗದ್ದೆಯಲ್ಲಿ ನಮ್ಮ ಪ್ರಯೋಗದ ವಿಷಯವೇ ನಾಟಿಯ ದಿನಾಂಕ. ಪಟ್ಟಣದಿಂದ ಹೊಸ ಟ್ಯೂಬು ಬಂದು ಟೈರು ಕೂರುವ ಹೊತ್ತಿಗೆ ಎರಡು ದಿನ ಕಳೆದಿತ್ತು. ಒಂದು ಸಾಲಿನ ತಾಕುಗಳ ಲೆಕ್ಕವನ್ನೇ ಆ ವರ್ಷ ಕೈಬಿಡಬೇಕಾಯಿತು.

“ಗಾಳಿ ಕಮ್ಮಿ ಮಾಡಿ ಅಂದೋರು ನೀವೇ ಅಲ್ವಾ ಸಾರ್” ಎಂದು ಚಾಲಕರು ಮೆಲ್ಲಗೆ ಹೇಳಿದರು. ಅವರು ಹೇಳಿದ್ದು ಸರಿಯೇ ಆಗಿತ್ತು.

ಟೈರು ರಿಮ್ಮಿನ ಮೇಲೆ ನಿಲ್ಲುವ ಬಗೆ

ಟೈರಿನ ಒಳ ಅಂಚನ್ನು ಗ್ಯಾರೇಜಿನವರು ‘ಬೀಡ್’ ಎನ್ನುತ್ತಾರೆ. ಹೊರಗಿನಿಂದ ಅದು ಬರೀ ರಬ್ಬರಿನಂತೆ ಕಂಡರೂ ಅದರೊಳಗೆ ಉಕ್ಕಿನ ತಂತಿಗಳ ಬಳೆಯೊಂದು ಹುದುಗಿರುತ್ತದೆ. ಮರದ ಗಾಡಿಚಕ್ರಕ್ಕೆ ಹಾಕುವ ಕಬ್ಬಿಣದ ಪಟ್ಟಿಯಂತೆ ಈ ಬಳೆಯೂ ಹಿಗ್ಗುವುದಿಲ್ಲ. ಟೈರಿಗೆ ಎರಡು ಪಕ್ಕದಲ್ಲಿ ಎರಡು ಬೀಡ್‌ಗಳು. ರಿಮ್ಮಿನ ಅಡ್ಡಕೊಯ್ತವನ್ನು ನೋಡಿದರೆ ಎರಡು ಅಂಚಿನಲ್ಲಿ ಮೇಲೆದ್ದ ತುಟಿ, ತುಟಿಯ ಒಳಗಡೆ ಬೀಡ್ ಕೂರುವ ಸ್ವಲ್ಪ ಇಳಿಜಾರಿನ ಪೀಠ, ಎರಡು ಪೀಠಗಳ ನಡುವೆ ಒಂದು ತಗ್ಗು ಕಾಣಿಸುತ್ತವೆ. ಈ ತಗ್ಗನ್ನು ನಾವು ಕಾಲುವೆ ಎಂದು ಕರೆಯೋಣ. ಟೈರು ಕೂರಿಸುವ ಗುಟ್ಟೆಲ್ಲ ಈ ಕಾಲುವೆಯಲ್ಲಿದೆ.

ನಮ್ಮಲ್ಲಿ ಬಳಕೆಯಲ್ಲಿರುವ 13.6-28 ಅಳತೆಯ ಹಿಂದಿನ ಟೈರನ್ನೇ ತೆಗೆದುಕೊಳ್ಳಿ. ಮೊದಲ ಅಂಕಿ ಟೈರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಎರಡೂ ಅಂಗುಲದಲ್ಲಿ. ಬೀಡಿನ ಬಳೆಯ ವ್ಯಾಸ ಹೆಚ್ಚುಕಡಿಮೆ 28 ಅಂಗುಲ. ತುಟಿಯ ಎತ್ತರ ಸುಮಾರು ಒಂದು ಅಂಗುಲ. ಎರಡೂ ಕಡೆ ಸೇರಿ ತುಟಿಯ ಹೊರ ವ್ಯಾಸ 30 ಅಂಗುಲದ ಹತ್ತಿರ ಬರುತ್ತದೆ. ಹಿಗ್ಗದ 28 ಅಂಗುಲದ ಬಳೆ 30 ಅಂಗುಲದ ತುಟಿಯನ್ನು ದಾಟುವುದು ಹೇಗೆ? ಬಳೆಯ ಒಂದು ಪಕ್ಕವನ್ನು ಕಾಲುವೆಯೊಳಗೆ ಇಳಿಸಿದರೆ ಎದುರು ಪಕ್ಕದಲ್ಲಿ ಅಷ್ಟೇ ಜಾಗ ಸಿಗುತ್ತದೆ, ಅಲ್ಲಿ ಅದು ತುಟಿಯನ್ನು ದಾಟುತ್ತದೆ. ಕಿರಿದಾದ ಕೈಬಳೆಯನ್ನು ಹೆಬ್ಬೆರಳು ಮಡಚಿ ತೊಡುವಂತೆಯೇ ಇದು. ಬೆಲ್‌ಫಾಸ್ಟಿನಲ್ಲಿ ಜಾನ್ ಬಾಯ್ಡ್ ಡನ್ಲಪ್ 1888ರಲ್ಲಿ ಸೈಕಲ್ಲಿಗೆ ಗಾಳಿ ಟೈರು ಹಾಕಿದಾಗ ಈ ಉಪಾಯ ಇರಲಿಲ್ಲ. ಅದನ್ನು ಅಂಟಿಸಿ ಬಿಗಿಯಬೇಕಾಗಿತ್ತು. ತಂತಿ ಅಂಚಿನ ಟೈರು, ನಡುವೆ ತಗ್ಗಿರುವ ರಿಮ್ಮು ಎಂಬ ಜೋಡಿಗೆ ಚಾರ್ಲ್ಸ್ ವೆಲ್ಚ್ ಎಂಬಾತ 1890ರಲ್ಲಿ ಹಕ್ಕುಪತ್ರ ಪಡೆದ. ನಮ್ಮ ಟ್ರ್ಯಾಕ್ಟರಿನ ರಿಮ್ಮಿನಲ್ಲಿ ಇಂದಿಗೂ ಇರುವುದು ಅದೇ ತತ್ವ.

ಗಾಳಿ ತುಂಬಿದಾಗ ಬೀಡ್ ಪೀಠದ ಇಳಿಜಾರನ್ನು ಏರಿ ತುಟಿಗೆ ಒತ್ತಿಕೊಳ್ಳುತ್ತದೆ. ಅದನ್ನು ಅಲ್ಲಿ ಹಿಡಿದಿಡುವುದು ಬೋಲ್ಟಲ್ಲ, ಅಂಟಲ್ಲ. ಒಳಗಿನ ಗಾಳಿಯ ಒತ್ತಡ ಮತ್ತು ಬೀಡಿನ ಬಿಗಿತ. ಗಾಳಿ ಇಳಿದಷ್ಟೂ ಹಿಡಿತ ಸಡಿಲ. ಇಂಥ ಹೊತ್ತಿನಲ್ಲಿ ಪಕ್ಕದಿಂದ ಒತ್ತು ಬಿದ್ದರೆ, ಅಂದರೆ ಬದುವಿನ ಓರೆಯಲ್ಲೋ ತೀವ್ರ ತಿರುವಿನಲ್ಲೋ, ಬೀಡ್ ಪೀಠದಿಂದ ಜಾರಿ ಕಾಲುವೆಗೆ ಬೀಳುತ್ತದೆ. ಪೀಠ ತುಕ್ಕು ಹಿಡಿದಿದ್ದರೆ, ತುಟಿ ಬಾಗಿದ್ದರೆ, ಅಳತೆಗೆ ಸಲ್ಲದ ರಿಮ್ಮಿಗೆ ಟೈರು ಹಾಕಿದ್ದರೆ ಇನ್ನೂ ಬೇಗ.

ನಿಂತಲ್ಲೇ ನಿಲ್ಲಿಸಿ

ಟೈರು ಕಳಚಿದ್ದು ಗೊತ್ತಾದ ಕೂಡಲೇ ನಿಂತಲ್ಲೇ ನಿಲ್ಲಿಸತಕ್ಕದ್ದು. ಒಂದು ಮಾರು ಕೂಡ ಓಡಿಸಕೂಡದು. ನಾನು ಓಡಿಸಿದ ಹತ್ತು ಮಾರಿಗೆ ಒಂದು ಟ್ಯೂಬು ಹೋಯಿತು. ಇನ್ನಷ್ಟು ದೂರ ಹೋಗಿದ್ದರೆ ರಿಮ್ಮಿನ ತುಟಿ ಟೈರಿನ ಅಂಚನ್ನೇ ಕತ್ತರಿಸುತ್ತಿತ್ತು. ಹಿಂದಿನ ಟೈರು ಒಂದು ಜೊತೆ ಹೊಸದು ಕೊಳ್ಳಬೇಕಾದರೆ ಹತ್ತಾರು ಸಾವಿರ ರೂಪಾಯಿ ಬೇಕು.

ಟ್ರೈಲರ್ ಇದ್ದರೆ ಕಳಚಿ, ಉಪಕರಣವನ್ನು ನೆಲಕ್ಕೆ ಇಳಿಸಿ, ಎಂಜಿನ್ ಆರಿಸಿ ಗೇರಿನಲ್ಲಿ ನಿಲ್ಲಿಸಿ. ಉಳಿದ ಚಕ್ರಗಳಿಗೆ ಮುಂದೆ ಹಿಂದೆ ಅಡ್ಡಗಲ್ಲು ಕೊಡಿ. ಕೆಸರಿನಲ್ಲಿ ಜಾಕಿ ಹೂತುಹೋಗುತ್ತದೆ. ಅದರ ಕೆಳಗೆ ಅಗಲವಾದ ದಪ್ಪ ಹಲಗೆ ಇರಲೇಬೇಕು. ಹಲಗೆಯಾದರೂ ಒಂದು ಸಾಲದು, ಅಡ್ಡಡ್ಡಲಾಗಿ ಎರಡು ಇಡಿ. ಚಕ್ರ ನೆಲದಿಂದ ನಾಲ್ಕು ಬೆರಳು ಎದ್ದ ಮೇಲೆ ಆಕ್ಸಲ್ಲಿನ ಕೆಳಗೆ ಮರದ ದಿಮ್ಮಿಗಳ ಆಸರೆ ಕೊಡಿ. ಜಾಕಿಯೊಂದನ್ನೇ ನಂಬಿ ಟ್ರ್ಯಾಕ್ಟರಿನ ಅಡಿಗೆ ಕೈ ಹಾಕುವುದು ಸರಿಯಲ್ಲ.

ಈಗ ವಾಲ್ವಿನ ಒಳಗಿನ ಪಿನ್ ಬಿಚ್ಚಿ ಉಳಿದ ಗಾಳಿಯನ್ನೆಲ್ಲ ಹೊರಗೆ ಬಿಡಿ. ಸ್ವಲ್ಪವೇ ತಾನೇ ಇರುವುದು ಎಂದು ಬಿಟ್ಟುಬಿಡಬೇಡಿ. ಅನಂತರ ವಾಲ್ವನ್ನು ರಿಮ್ಮಿಗೆ ಬಿಗಿದ ನಟ್ಟನ್ನು ತುದಿಯವರೆಗೆ ಸಡಿಲಿಸಿ, ಪೂರ್ತಿ ತೆಗೆಯಬೇಡಿ. ತೆಗೆದರೆ ವಾಲ್ವು ಒಳಗೆ ಹೋಗಿ ಸೇರಿಕೊಳ್ಳುತ್ತದೆ, ಅದನ್ನು ಮತ್ತೆ ತೂತಿಗೆ ತರುವುದೇ ಅರ್ಧ ದಿನದ ಕೆಲಸವಾದೀತು.

ಟೈರಿನಲ್ಲಿ ಭಾರಕ್ಕಾಗಿ ನೀರು ತುಂಬಿಸಿದ್ದರೆ ಮೊದಲು ಅದನ್ನು ತೆಗೆಯಬೇಕು. ವಾಲ್ವು ಮೇಲಿರುವಂತೆ ನಿಲ್ಲಿಸಿ ಅದರ ಮಟ್ಟಕ್ಕೆ ತುಂಬಿಸಿದ ನೀರು ಟೈರಿನ ಮುಕ್ಕಾಲು ಪಾಲಿನಷ್ಟಿರುತ್ತದೆ. ದೊಡ್ಡ ಟೈರಿನಲ್ಲಿ ಅದು 150 ಲೀಟರಿಗೂ ಹೆಚ್ಚು. ಅಷ್ಟು ಭಾರವನ್ನು ಹೊತ್ತ ಟೈರನ್ನು ಲಿವರಿನಿಂದ ಮೀಟಲಾಗುವುದಿಲ್ಲ. ಚಕ್ರ ಎತ್ತಿದ ಮೇಲೆ ವಾಲ್ವು ಕೆಳಗೆ ಬರುವಂತೆ ತಿರುಗಿಸಿ ಪಿನ್ ಬಿಚ್ಚಿದರೆ ನೀರು ಹರಿದುಹೋಗುತ್ತದೆ.

ಬೀಡ್ ಎಲ್ಲಿದೆ ನೋಡಿ

ಇಲ್ಲಿ ಅವಸರ ಕೂಡದು. ಕಳಚಿದ ಟೈರು ಎರಡು ಸ್ಥಿತಿಯಲ್ಲಿರಬಹುದು. ಒಂದು, ಬೀಡ್ ಒಳಕ್ಕೆ ಸರಿದು ಕಾಲುವೆಯಲ್ಲಿ ಬಿದ್ದಿರುವುದು. ತುಟಿಗೂ ಟೈರಿಗೂ ನಡುವೆ ಸಂದು ಕಾಣುತ್ತದೆ, ಅದರಲ್ಲಿ ಕೆಸರು ತುಂಬಿರುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಆಗಿರುವುದು ಇಷ್ಟೇ. ಇನ್ನೊಂದು, ಕಳಚಿದ ಮೇಲೂ ಓಡಿಸಿದ್ದರಿಂದ ಬೀಡ್ ಒಂದು ಕಡೆ ತುಟಿಯನ್ನು ದಾಟಿ ಹೊರಗೇ ಬಂದು ನಿಂತಿರುವುದು. ಆಗ ಟ್ಯೂಬು ಕಣ್ಣಿಗೇ ಬೀಳುತ್ತದೆ. ಮೊದಲನೆಯದಕ್ಕೆ ಲಿವರಿನ ಹೆಚ್ಚು ಕೆಲಸವಿಲ್ಲ. ತೊಳೆಯುವುದು, ಸೋಪು, ಗಾಳಿ ಇಷ್ಟರಲ್ಲೇ ಮುಗಿಯುತ್ತದೆ. ಎರಡನೆಯದಕ್ಕೆ ಬೀಡನ್ನು ಮೀಟಿ ಒಳಗೆ ಹಾಕಬೇಕು. ಇವೆರಡರ ಭೇದ ತಿಳಿಯದೆ ನೇರವಾಗಿ ಹಾರೆಕೋಲು ಹಾಕುವವರೇ ಟ್ಯೂಬನ್ನು ಕೊಯ್ದುಕೊಳ್ಳುವುದು.

ಸಂದಿನ ಕೆಸರನ್ನು ಧಾರಾಳವಾಗಿ ನೀರು ಬಿಟ್ಟು ತೊಳೆಯಿರಿ. ನಾಲೆ ಬಯಲಿನಲ್ಲಿ ನೀರಿಗೇನೂ ಬರವಿಲ್ಲ. ಒಂದು ಹುರುಳಿಕಾಳಿನಷ್ಟು ಕಲ್ಲು ಪೀಠದ ಮೇಲೆ ಉಳಿದರೂ ಬೀಡ್ ಅಲ್ಲಿ ಏರುವುದಿಲ್ಲ, ಅಥವಾ ಏರಿದರೂ ಟ್ಯೂಬನ್ನು ತಿನ್ನುತ್ತಿರುತ್ತದೆ. ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿ. ಬೀಡಿನ ಸುತ್ತ ಬೆರಳಾಡಿಸಿ ನೋಡಿ: ತಂತಿ ತುಂಡಾಗಿ ಮುಳ್ಳಿನಂತೆ ಚುಚ್ಚಿದರೆ, ಬಳೆ ಒಂದೆಡೆ ಮುರಿದು ಬಾಗಿದ್ದರೆ, ಆ ಟೈರಿನ ಆಯುಸ್ಸು ಮುಗಿಯಿತೆಂದೇ ತಿಳಿಯಬೇಕು. ಅದಕ್ಕೆ ಗಾಳಿ ತುಂಬಕೂಡದು. ರಿಮ್ಮಿನಲ್ಲಿ ಸೀಳು ಕಂಡರೂ ಹಾಗೆಯೇ.

ಸೋಪು ಮತ್ತು ಲಿವರು

ನಮ್ಮ ಗದ್ದೆಗೆ ಬಂದ ಪಂಕ್ಚರ್ ಅಂಗಡಿಯ ಹಿರಿಯರು ಮೊದಲು ಕೇಳಿದ್ದು ಬಟ್ಟೆ ಸೋಪನ್ನು. ನಮ್ಮ ಹುಡುಗನೊಬ್ಬ ಗ್ರೀಸಿನ ಡಬ್ಬಿ ತಂದುಕೊಟ್ಟ. “ಇದಾದ್ರೆ ಇನ್ನೂ ಚೆನ್ನಾಗಿ ಜಾರುತ್ತಲ್ಲ?” ಎಂಬುದು ಅವನ ವಾದ. ಹಿರಿಯರು, “ಜಾರುತ್ತೆ ಕಣಪ್ಪ, ನಾಳೆನೂ ಜಾರುತ್ತೆ” ಎಂದು ಡಬ್ಬಿಯನ್ನು ಪಕ್ಕಕ್ಕಿಟ್ಟರು. ಅವರ ಮಾತಿನಲ್ಲಿ ಶಾಸ್ತ್ರವಿದೆ. ಸೋಪಿನ ನೀರು ಕೂರಿಸುವಾಗ ಜಾರಿಸುತ್ತದೆ, ಆಮೇಲೆ ಒಣಗಿ ಹಿಡಿತ ಕೊಡುತ್ತದೆ. ಗ್ರೀಸು, ಎಂಜಿನ್ ಆಯಿಲು, ಡೀಸೆಲು ಒಣಗುವುದಿಲ್ಲ. ರಿಮ್ಮು ತಿರುಗಿದಾಗ ಟೈರು ಹಿಂದುಳಿದು ವಾಲ್ವು ಕಿತ್ತುಬರುತ್ತದೆ. ಸಾಲದ್ದಕ್ಕೆ ಈ ಎಣ್ಣೆಗಳು ರಬ್ಬರನ್ನು ಉಬ್ಬಿಸಿ ಕೊಳೆಸುತ್ತವೆ. ಬಟ್ಟೆ ಸೋಪನ್ನು ಹೆರೆದು ಗಂಜಿಯಷ್ಟು ಮಂದವಾಗಿ ಕರಗಿಸಿ ಬೀಡಿಗೂ ತುಟಿಗೂ ಪೀಠಕ್ಕೂ ಸುತ್ತಲೂ ಹಚ್ಚಿದರೆ ಸಾಕು. ಒಳಗೆ ನೀರು ನಿಲ್ಲುವಷ್ಟು ಸುರಿಯಬೇಡಿ, ರಿಮ್ಮು ತುಕ್ಕು ಹಿಡಿಯುತ್ತದೆ.

ಬೀಡ್ ತುಟಿ ದಾಟಿ ಹೊರಗೆ ಬಂದಿದ್ದರೆ ಮೊದಲು ಟ್ಯೂಬನ್ನು ಒಳಗೆ ನೂಕಿ ಸುಕ್ಕಿಲ್ಲದಂತೆ ಬಿಡಿಸಿ. ಸಾಧ್ಯವಾದರೆ ಅದಕ್ಕೆ ಟಾಲ್ಕಂ ಪುಡಿ ಸವರಿ. ಪಿನ್ ಹಾಕಿ ಟ್ಯೂಬು ಬರೀ ದುಂಡಾಗುವಷ್ಟು ಸ್ವಲ್ಪವೇ ಗಾಳಿ ಕೊಟ್ಟರೆ ಅದು ಬೀಡಿನ ಅಡಿಗೆ ಸಿಕ್ಕಿಕೊಳ್ಳುವುದಿಲ್ಲ. ಅನಂತರ ವಾಲ್ವಿಗೆ ಎದುರು ದಿಕ್ಕಿನಿಂದ ಕೆಲಸ ಆರಂಭಿಸಿ ಎರಡೂ ಕಡೆಯಿಂದ ವಾಲ್ವಿನತ್ತ ಬನ್ನಿ. ವಾಲ್ವು ಇರುವಲ್ಲಿ ಟ್ಯೂಬಿನ ದಪ್ಪ ಕಾಲುವೆಗೆ ಅಡ್ಡ ಬರುತ್ತದೆ, ಅಲ್ಲಿ ಬೀಡನ್ನು ಇಳಿಸಲು ಜಾಗವಿರುವುದಿಲ್ಲ. ಎದುರು ದಿಕ್ಕಿನಲ್ಲಿ ಕಾಲುವೆ ಖಾಲಿ. ಆದ್ದರಿಂದ ಎದುರು ದಿಕ್ಕಿನ ಬೀಡನ್ನು ಒಬ್ಬರು ಮೊಣಕಾಲಿನಿಂದಲೋ ಮರದ ಕೊಡತಿಯಿಂದಲೋ ಕಾಲುವೆಗೆ ಒತ್ತಿ ಹಿಡಿದಿರಬೇಕು. ಇನ್ನೊಬ್ಬರು ಲಿವರಿನಿಂದ ಗೇಣುದ್ದಕ್ಕಿಂತ ಹೆಚ್ಚಿಲ್ಲದಂತೆ ಸ್ವಲ್ಪ ಸ್ವಲ್ಪವೇ ದಾಟಿಸುತ್ತ ಬರಬೇಕು. ಲಿವರಿನ ತುದಿ ದುಂಡಗೆ ನಯವಾಗಿರಲಿ.

ಕೊನೆಯ ಗೇಣು ಬಿಗಿಯಾಗಿ ಬರುತ್ತದೆ. ಆಗ ಬಲವನ್ನು ಹೆಚ್ಚಿಸುವುದು ಎಲ್ಲರ ಸ್ವಭಾವ. ನಮ್ಮ ಚಾಲಕರೂ ಹಾರೆಕೋಲಿಗೆ ಕೊಳವೆ ಸಿಕ್ಕಿಸಿ ಜಗ್ಗತೊಡಗಿದರು. ಹಿರಿಯರು, “ಆ ಕಡೆ ಮೇಲಕ್ಕೆ ಬಂದೈತೆ ನೋಡಪ್ಪ, ಅದನ್ನ ಇಳಿಸದೆ ಈ ಕಡೆ ಎಷ್ಟು ಜಗ್ಗಿದ್ರೂ ಬರಾಕಿಲ್ಲ” ಎಂದರು. ಎದುರು ದಿಕ್ಕಿನಲ್ಲಿ ಬೀಡ್ ಕಾಲುವೆಯಿಂದ ಎದ್ದು ಪೀಠ ಹತ್ತಿಬಿಟ್ಟಿತ್ತು. ಅದನ್ನು ಮತ್ತೆ ಇಳಿಸಿ ಇನ್ನಷ್ಟು ಸೋಪು ಹಚ್ಚಿದ ಮೇಲೆ ಕೊನೆಯ ಗೇಣು ಕೈಯಳತೆಯ ಬಲದಲ್ಲೇ ಒಳಗೆ ಹೋಯಿತು. ಬಿಗಿ ಬಂದಲ್ಲಿ ತಪ್ಪು ಎದುರುಗಡೆ ಇರುತ್ತದೆಂಬುದನ್ನು ನಾನು ಅಂದು ಕಣ್ಣಾರೆ ಕಂಡೆ.

ಎಷ್ಟು ಗಾಳಿ, ಎಲ್ಲಿ ನಿಲ್ಲಬೇಕು

ಕೆಲಸದ ಅಪಾಯದ ಭಾಗ ಇದೇ ಆಗಿರುವುದರಿಂದ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಬೀಡನ್ನು ಪೀಠಕ್ಕೆ ಏರಿಸಲು ಗಾಳಿ ಬೇಕು. ಆದರೆ ಟ್ರ್ಯಾಕ್ಟರಿನ ಹಿಂದಿನ ಟೈರನ್ನು ಕೂರಿಸುವಾಗ ಚದರ ಅಂಗುಲಕ್ಕೆ 35 ಪೌಂಡಿನ ಮೇಲೆ ಹೋಗಬಾರದೆಂಬುದು ಟೈರು ತಯಾರಕರು ಸಾಮಾನ್ಯವಾಗಿ ವಿಧಿಸುವ ಮಿತಿ. ಬೇರೆ ಟೈರುಗಳಿಗೆ ಅವುಗಳ ಗೋಡೆಯ ಮೇಲೆ ಅಚ್ಚಾದ ಅಂಕಿಯೇ ಮಿತಿ. 35 ಎಂದರೆ ಕಡಿಮೆಯೆಂದು ತೋರುತ್ತದೆ, ಲಾರಿ ಟೈರಿಗೆ ಅದರ ಎರಡು ಮೂರರಷ್ಟು ಹಾಕುವುದಿಲ್ಲವೇ ಎನ್ನಬಹುದು. ಒಂದು ಸಣ್ಣ ಲೆಕ್ಕ ಮಾಡೋಣ. 13.6-28 ಟೈರಿನ ಒಂದು ಪಕ್ಕದ ಗೋಡೆಯ ವಿಸ್ತೀರ್ಣ ಸಾವಿರ ಚದರ ಅಂಗುಲಕ್ಕೆ ಕಡಿಮೆಯಿಲ್ಲ. ಪ್ರತಿ ಚದರ ಅಂಗುಲಕ್ಕೆ 35 ಪೌಂಡಿನಂತೆ ಆ ಗೋಡೆಯನ್ನು ಹೊರಕ್ಕೆ ತಳ್ಳುತ್ತಿರುವ ಬಲ 35,000 ಪೌಂಡು, ಅಂದರೆ ಸುಮಾರು 16 ಟನ್. ಭರ್ತಿ ಹೇರಿದ ಲಾರಿಯೊಂದರ ತೂಕದಷ್ಟು ಬಲ ಆ ರಬ್ಬರಿನ ಹಿಂದೆ ನಿಂತಿರುತ್ತದೆ. ಬೀಡ್ ಸುತ್ತಲೂ ಸಮನಾಗಿ ಕೂತಿದ್ದರೆ ಬಳೆಯ ತಂತಿಗಳೆಲ್ಲ ಆ ಭಾರವನ್ನು ಹಂಚಿಕೊಳ್ಳುತ್ತವೆ. ಒಂದು ಕಡೆ ಸಿಕ್ಕಿಕೊಂಡಿದ್ದರೆ ಅಲ್ಲಿನ ತಂತಿಗಳ ಮೇಲೆಯೇ ಎಳೆತ ಬೀಳುತ್ತದೆ. ಗಾಳಿ ಏರಿಸುತ್ತ ಹೋದರೆ ಬೀಡ್ ಏರುವ ಬದಲು ತಂತಿ ತುಂಡಾಗಿ ಟೈರು ಸಿಡಿಯುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರಿನ ಟ್ಯಾಂಕಿನಲ್ಲಿ ನೂರು ಪೌಂಡಿಗೂ ಮಿಕ್ಕಿ ಗಾಳಿ ಇರುತ್ತದೆಂಬುದನ್ನು ನೆನಪಿಡಿ. ಗೇಜು ನೋಡದೆ ಕೊಳವೆ ಹಿಡಿದು ನಿಂತರೆ 35 ದಾಟುವುದು ತಿಳಿಯುವುದೇ ಇಲ್ಲ.

ಆದ್ದರಿಂದ ಕ್ರಮ ಹೀಗಿರಲಿ. ಚಕ್ರ ನೆಲದಿಂದ ಎದ್ದಿರಲಿ. ವಾಲ್ವಿಗೆ ತಾನೇ ಕಚ್ಚಿಕೊಳ್ಳುವ ಕ್ಲಿಪ್ಪಿರುವ ಉದ್ದನೆಯ ಕೊಳವೆ ಬಳಸಿ. ಗಾಳಿ ಬಿಡುವ ಕೈಪಿಡಿ ಮತ್ತು ಗೇಜು ಟೈರಿನಿಂದ ದೂರದಲ್ಲಿರಬೇಕು. ನಿಲ್ಲುವವರು ಟೈರು ನೆಲ ಮುಟ್ಟುವ ಮುಖದ ಕಡೆ, ಅಂದರೆ ಟ್ರ್ಯಾಕ್ಟರಿನ ಹಿಂದೆಯೋ ಮುಂದೆಯೋ ನಿಲ್ಲಬೇಕು. ಟೈರಿನ ಪಕ್ಕದ ಗೋಡೆಯ ಎದುರಿಗೆ ಯಾರೂ ಇರಕೂಡದು, ನೋಡಲು ಬಂದ ಮಕ್ಕಳಂತೂ ಸುತರಾಂ ಕೂಡದು. ಸಿಡಿದಾಗ ಅದು ಹಾರುವುದು ಆ ದಿಕ್ಕಿಗೇ. ಸ್ವಲ್ಪ ಗಾಳಿ ಬಿಡಿ, ನಿಲ್ಲಿಸಿ, ನೋಡಿ. ರಿಮ್ಮಿನ ತುಟಿಯ ಪಕ್ಕದಲ್ಲೇ ಟೈರಿನ ಮೇಲೆ ಸುತ್ತಲೂ ಒಂದು ಸಣ್ಣ ಏಣು ಅಚ್ಚಾಗಿರುತ್ತದೆ. ತುಟಿಗೂ ಈ ಏಣಿಗೂ ನಡುವಿನ ಅಂತರ ಸುತ್ತಲೂ ಒಂದೇ ಸಮ ಇದ್ದರೆ ಬೀಡ್ ಕೂತಿದೆ ಎಂದರ್ಥ. ಒಂದು ಕಡೆ ಏಣು ತುಟಿಯ ಹಿಂದೆ ಮರೆಯಾಗಿದ್ದರೆ ಅಲ್ಲಿ ಕೂತಿಲ್ಲ.

ಕೂರದಿದ್ದರೆ ಏನು ಮಾಡುತ್ತೇವೆ? ಸುತ್ತಿಗೆಯಿಂದ ಹೊಡೆಯುತ್ತೇವೆ, ಗಾಳಿ ಇನ್ನಷ್ಟು ಹಾಕುತ್ತೇವೆ. ಎರಡೂ ಪ್ರಾಣಾಪಾಯದ ಕೆಲಸ. ಗಾಳಿ ಇರುವ ಟೈರಿಗೂ ರಿಮ್ಮಿಗೂ ಸುತ್ತಿಗೆ ತಾಕಿಸಲೇಬಾರದು. ಗಾಳಿಯನ್ನೆಲ್ಲ ಇಳಿಸಿ, ಸಿಕ್ಕಿಕೊಂಡ ಜಾಗಕ್ಕೆ ಮತ್ತೆ ಸೋಪು ಹಚ್ಚಿ, ಟೈರನ್ನು ಸ್ವಲ್ಪ ಅಲುಗಿಸಿ ನಡುವಿಗೆ ತಂದು ಮೊದಲಿನಿಂದ ಆರಂಭಿಸಬೇಕು. ನಮ್ಮ ಟೈರು ಮೂರನೆಯ ಸಲಕ್ಕೆ ಕೂತಿತು. ಆಗ ಗೇಜು 22 ತೋರಿಸುತ್ತಿತ್ತು. ಎರಡು ಸಲ ‘ಟಪ್’ ಎಂಬ ಸದ್ದು ಬಂತು. ಆ ಸದ್ದು ಕೇಳಿ ಹೆದರಬೇಕಾಗಿಲ್ಲ, ಬೀಡ್ ಪೀಠ ಏರಿದಾಗ ಬರುವ ಸದ್ದು ಅದು.

ಬೀಡ್ ಕೂತ ಮೇಲೆ ಒಮ್ಮೆ ಗಾಳಿಯನ್ನು ಪೂರ್ತಿ ಇಳಿಸಿ ಮತ್ತೆ ತುಂಬಬೇಕು. ಮಾಡಿದ ಕೆಲಸವನ್ನೇ ಏಕೆ ಕೆಡಿಸುವುದೆಂದು ಹಲವರು ಇದನ್ನು ಬಿಟ್ಟುಬಿಡುತ್ತಾರೆ. ಮೊದಲ ಸಲ ತುಂಬುವಾಗ ಟ್ಯೂಬು ಅಲ್ಲಲ್ಲಿ ಟೈರಿಗೆ ಕಚ್ಚಿಕೊಂಡು ಒಂದೆಡೆ ಸುಕ್ಕು, ಇನ್ನೊಂದೆಡೆ ಎಳೆತ ಉಳಿದಿರುತ್ತದೆ. ಇಳಿಸಿ ತುಂಬಿದರೆ ಅದು ಸಮನಾಗಿ ಹರಡಿಕೊಳ್ಳುತ್ತದೆ. ಸುಕ್ಕು ಉಳಿದ ಟ್ಯೂಬು ಒಂದೆರಡು ತಿಂಗಳಲ್ಲಿ ಅಲ್ಲೇ ಸೀಳುತ್ತದೆ.

ಪೆಟ್ರೋಲು, ಬೆಂಕಿ, ವೆಲ್ಡಿಂಗು

ಅಂದು ಸಂಜೆ ಗ್ರೀಸು ತಂದ ಹುಡುಗನೇ ಮಾರನೆಯ ದಿನ ಪೆಟ್ರೋಲಿನ ಬಾಟಲಿ ತಂದಿದ್ದ. ಟೈರಿನೊಳಗೆ ಪೆಟ್ರೋಲು ಚಿಮುಕಿಸಿ ಬೆಂಕಿ ತಾಗಿಸಿದರೆ ‘ಡಬ್’ ಎಂದು ತಾನೇ ಕೂರುತ್ತದೆ, ಮೊಬೈಲಿನಲ್ಲಿ ನೋಡಿದ್ದೇನೆ ಎಂದ. “ಟ್ಯೂಬಿರೋ ಟೈರಿಗೆ ಯಾರಾದ್ರೂ ಬೆಂಕಿ ಹಾಕ್ತಾರೇನಪ್ಪ?” ಎಂದು ಹಿರಿಯರು ನಕ್ಕುಬಿಟ್ಟರು. ನಗುವ ವಿಷಯವಲ್ಲ. ಟ್ಯೂಬಿಲ್ಲದ ಟೈರುಗಳಿಗೆ ಕೆಲವರು ಹೀಗೆ ಮಾಡುವುದು ನಿಜ. ಪೆಟ್ರೋಲಿನ ಆವಿ ಎಷ್ಟು, ಗಾಳಿ ಎಷ್ಟು ಎಂಬುದು ಮಾಡುವವನಿಗೇ ಗೊತ್ತಿರುವುದಿಲ್ಲ. ಕಡಿಮೆಯಾದರೆ ಕೂರುವುದಿಲ್ಲ, ಹದ ಮೀರಿದರೆ ಯಾವ ಗೇಜೂ ತೋರಿಸದ ಒತ್ತಡ ಕ್ಷಣದಲ್ಲಿ ಹುಟ್ಟುತ್ತದೆ. ಉರಿಯದೆ ಉಳಿದ ಆವಿ ಟೈರಿನೊಳಗೇ ಇದ್ದು ಮುಂದೆ ಎಂದಾದರೂ ರಿಮ್ಮು ಕಾದಾಗ ಹೊತ್ತಿಕೊಳ್ಳಬಹುದು.

ಇದಕ್ಕಿಂತ ಹೆಚ್ಚು ನಡೆಯುವ ತಪ್ಪು ವೆಲ್ಡಿಂಗಿನದು. ರಿಮ್ಮು ಸೀಳಿದೆ ಎಂದು ಟೈರು ಇರುವಂತೆಯೇ ಚಕ್ರವನ್ನು ವೆಲ್ಡಿಂಗ್ ಅಂಗಡಿಗೆ ಉರುಳಿಸಿಕೊಂಡು ಹೋಗುವವರನ್ನು ನಾನು ಕಂಡಿದ್ದೇನೆ. ಗಾಳಿ ಇಳಿಸಿದ್ದೇವಲ್ಲ ಎಂಬುದು ಅವರ ಧೈರ್ಯ. ರಿಮ್ಮು ಕಾದಾಗ ಒಳಗಿನ ರಬ್ಬರು ಬೆಂದು ಉರಿಯುವ ಅನಿಲಗಳನ್ನು ಬಿಡುತ್ತದೆ. ಗಾಳಿಯಿಲ್ಲದ ಟೈರೂ ಹೀಗೆ ಸಿಡಿದು ಜನ ಸತ್ತ ಉದಾಹರಣೆಗಳು ಹಲವು ದೇಶಗಳಲ್ಲಿವೆ. ಟೈರನ್ನು ರಿಮ್ಮಿನಿಂದ ಪೂರ್ತಿ ಬೇರ್ಪಡಿಸಿದ ಮೇಲೆ ಮಾತ್ರ ರಿಮ್ಮಿನ ಹತ್ತಿರ ಬೆಂಕಿ ತರಬೇಕು. ಸೀಳಿದ ರಿಮ್ಮನ್ನು ಬೆಸೆಯುವುದಕ್ಕಿಂತ ಬದಲಾಯಿಸುವುದೇ ಲೇಸೆಂಬುದು ನನ್ನ ಅಭಿಪ್ರಾಯ.

ಟ್ಯೂಬಿಲ್ಲದ ಟೈರು ಜೀಪು, ಪಿಕಪ್‌ಗಳಲ್ಲಿ ಸಾಮಾನ್ಯವಾಗಿದೆ, ಟ್ರ್ಯಾಕ್ಟರುಗಳಿಗೂ ಬಂದಿದೆ. ಇದರಲ್ಲಿರುವ ತೊಡಕು ಬೇರೆ ಬಗೆಯದು. ಬೀಡಿಗೂ ರಿಮ್ಮಿಗೂ ಸಂದಿರುವುದರಿಂದ ಹಾಕಿದ ಗಾಳಿಯೆಲ್ಲ ಅಲ್ಲೇ ಸೋರುತ್ತದೆ, ಒತ್ತಡ ಏರುವುದೇ ಇಲ್ಲ. ಇದಕ್ಕೆ ನಮ್ಮ ರೈತರ ಬಳಿಯೇ ಉಪಾಯವಿದೆ. ಗಾಡಿಯ ಮೇಲಿನ ಹುಲ್ಲಿನ ಹೊರೆಯನ್ನು ಹಗ್ಗದಲ್ಲಿ ಬಿಗಿದು ಕೋಲು ತೂರಿಸಿ ತಿರುಚುವಂತೆ, ಟೈರು ನೆಲ ಮುಟ್ಟುವ ಮುಖದ ನಟ್ಟನಡುವೆ ಸುತ್ತಲೂ ಹಗ್ಗ ಬಿಗಿದು ಕೋಲಿನಿಂದ ತಿರುಚಿ. ನಡುಭಾಗ ಒಳಕ್ಕೆ ಒತ್ತಿದಾಗ ಎರಡು ಪಕ್ಕದ ಬೀಡ್‌ಗಳು ಹೊರಕ್ಕೆ ಸರಿದು ಪೀಠಕ್ಕೆ ತಾಗುತ್ತವೆ. ವಾಲ್ವಿನ ಪಿನ್ ತೆಗೆದು ಗಾಳಿ ಬಿಟ್ಟರೆ ಅದು ರಭಸವಾಗಿ ನುಗ್ಗುತ್ತದೆ. ಗಾಳಿ ನಿಲ್ಲಲು ತೊಡಗಿ ಐದು ಪೌಂಡು ಆಗುವಷ್ಟರಲ್ಲಿ ನಿಲ್ಲಿಸಿ ಹಗ್ಗ ಬಿಚ್ಚಬೇಕು. ಬಿಗಿದ ಹಗ್ಗದ ಮೇಲೆಯೇ ಒತ್ತಡ ಏರಿಸಿದರೆ ಕೋಲು ಚಿಮ್ಮಿ ಮುಖಕ್ಕೆ ಬಡಿಯುತ್ತದೆ.

ಟ್ರೈಲರಿನ ಲಾಕ್ ರಿಂಗು

ಮೇಲೆ ಹೇಳಿದ್ದೆಲ್ಲ ಒಂದೇ ತುಂಡಿನ ರಿಮ್ಮಿಗೆ ಮಾತ್ರ. ನಮ್ಮ ಬಹಳಷ್ಟು ಟ್ರೈಲರುಗಳಿಗೆ ಲಾರಿಯ 9.00-20, 10.00-20 ಟೈರುಗಳನ್ನು ಅವುಗಳ ರಿಮ್ಮಿನೊಡನೆಯೇ ಹಾಕಿರುತ್ತಾರೆ. ಅಂಥ ರಿಮ್ಮಿನ ಒಂದು ತುಟಿ ಬೇರೆಯೇ ತುಂಡಾಗಿದ್ದು ಲಾಕ್ ರಿಂಗೊಂದು ಅದನ್ನು ಹಿಡಿದಿರುತ್ತದೆ. ರಿಂಗು ಸರಿಯಾಗಿ ಕೂರದಿದ್ದರೆ ಗಾಳಿ ತುಂಬುವಾಗ ಗುಂಡಿನಂತೆ ಹಾರುತ್ತದೆ. ಇದನ್ನು ಹೊಲದಲ್ಲೋ ಮನೆಯಂಗಳದಲ್ಲೋ ಮಾಡಕೂಡದು. ಚಕ್ರವನ್ನು ಟ್ರೈಲರಿನಿಂದ ಬಿಚ್ಚುವ ಮೊದಲೇ ಗಾಳಿಯನ್ನೆಲ್ಲ ಇಳಿಸಿ, ಕಬ್ಬಿಣದ ಪಂಜರದೊಳಗಿಟ್ಟು ಗಾಳಿ ತುಂಬುವ ವ್ಯವಸ್ಥೆಯಿರುವ ಕಡೆಗೆ ಒಯ್ಯಿರಿ. ಪಂಜರವಿಲ್ಲದ ಅಂಗಡಿಯಾದರೆ ಹತ್ತು ಮೈಲಿ ಹೆಚ್ಚಾದರೂ ಬೇರೆ ಕಡೆ ಹೋಗುವುದು ವಾಸಿ. ಸ್ಕೂಟರಿನ ಚಕ್ರದಂತೆ ಎರಡು ಹೋಳುಗಳನ್ನು ಬೋಲ್ಟು ಹಾಕಿ ಕೂಡಿಸಿದ ರಿಮ್ಮುಗಳಲ್ಲೂ ಗಾಳಿ ಇರುವಾಗ ಆ ಬೋಲ್ಟುಗಳನ್ನು ಮುಟ್ಟಬಾರದು. ಚಕ್ರ ಬಿಚ್ಚುವ ನಟ್ಟು ಯಾವುದು, ರಿಮ್ಮು ಕೂಡಿಸಿದ ನಟ್ಟು ಯಾವುದು ಎಂಬುದನ್ನು ಮೊದಲೇ ನೋಡಿಕೊಂಡಿರಬೇಕು.

ಕೂತ ಮೇಲೆ

ಕೆಲಸದ ಒತ್ತಡಕ್ಕೆ ಗಾಳಿ ಇಳಿಸಿ, ವಾಲ್ವಿನ ನಟ್ಟು ಬಿಗಿದು, ಮುಚ್ಚಳ ಹಾಕಿ. ಸಾಧಾರಣ ಹಿಂದಿನ ಟೈರುಗಳಿಗೆ ಹೊಲದ ಕೆಲಸದಲ್ಲಿ 12ರಿಂದ 16 ಪೌಂಡು, ರಸ್ತೆಯಲ್ಲಿ ಟ್ರೈಲರ್ ಎಳೆಯುವಾಗ ಅದಕ್ಕಿಂತ ಸ್ವಲ್ಪ ಹೆಚ್ಚು ಇರುವುದು ವಾಡಿಕೆ. ನಿಮ್ಮ ಟ್ರ್ಯಾಕ್ಟರಿನೊಡನೆ ಬಂದ ಕೈಪುಸ್ತಕದಲ್ಲಿ ಬೇರೆ ಅಂಕಿಯಿದ್ದರೆ ಅದನ್ನೇ ಪಾಲಿಸಿ. ಮಣ್ಣಿನ ಹಿತಕ್ಕಾಗಿ ಗಾಳಿ ಇಳಿಸುವುದಾದರೂ ಕೈಪುಸ್ತಕದ ಕನಿಷ್ಠ ಅಂಕಿಗಿಂತ ಕೆಳಗೆ ಹೋಗಬೇಡಿ, ಕೆಲಸ ಬದಲಾದ ದಿನವೇ ಗಾಳಿಯನ್ನೂ ಬದಲಾಯಿಸಿ. ಮಣ್ಣು ಆಳದಲ್ಲಿ ಬಿಗಿಯುವುದು ಟೈರಿನ ಗಾಳಿಗಿಂತ ಹೆಚ್ಚಾಗಿ ಆಕ್ಸಲ್ಲಿನ ಭಾರದಿಂದ. ಅದನ್ನು ಗಾಳಿ ಇಳಿಸಿ ತಪ್ಪಿಸಲಾಗುವುದಿಲ್ಲವೆಂಬುದನ್ನು ನನ್ನ ಪಾಠದಲ್ಲಿ ಈಗ ಸೇರಿಸಿದ್ದೇನೆ.

ಗೇಜನ್ನು ಕೊಳ್ಳುವಾಗ ಲಾರಿಯವರ ಗೇಜು ಬೇಡ. ನೂರಾರು ಪೌಂಡು ಅಳೆಯುವ ಅದರಲ್ಲಿ 10ಕ್ಕೂ 15ಕ್ಕೂ ಇರುವ ಭೇದ ಕಣ್ಣಿಗೆ ಕಾಣುವುದಿಲ್ಲ. ಕಡಿಮೆ ಒತ್ತಡ ಅಳೆಯುವ ಗೇಜನ್ನೇ ಕೇಳಿ ಕೊಳ್ಳಿ. ಅಳತೆಯನ್ನು ಬೆಳಿಗ್ಗೆ, ಟೈರು ತಣ್ಣಗಿರುವಾಗ ಮಾಡಿ. ಒದ್ದು ನೋಡುವ ಪದ್ಧತಿಯನ್ನು ನಮ್ಮಲ್ಲಿ ಬಿಟ್ಟಿದ್ದೇವೆ.

ಟೈರು ಕೂರಿಸಿದ ದಿನ ವಾಲ್ವಿನ ನೇರಕ್ಕೆ ರಿಮ್ಮಿನಿಂದ ಟೈರಿನವರೆಗೆ ಬಿಳಿ ಬಣ್ಣದ ಒಂದು ಗೆರೆ ಎಳೆಯಿರಿ. ಒಂದು ದಿನದ ಕೆಲಸವಾದ ಮೇಲೆ ನೋಡಿ. ರಿಮ್ಮಿನ ಮೇಲಿನ ಗೆರೆಯೂ ಟೈರಿನ ಮೇಲಿನ ಗೆರೆಯೂ ಒಂದೇ ನೇರದಲ್ಲಿದ್ದರೆ ಸರಿ. ಎರಡು ಬೆರಳಿನಷ್ಟು ಸರಿದಿದ್ದರೂ ಟೈರು ರಿಮ್ಮಿನ ಮೇಲೆ ಜಾರುತ್ತಿದೆ, ವಾಲ್ವು ಓರೆಯಾಗಿ ಎಳೆಯುತ್ತಿದೆ ಎಂದರ್ಥ. ಗಾಳಿ ಅಳೆದು ಸರಿಪಡಿಸಿ. ಮತ್ತೆ ಜಾರಿದರೆ ಬಿಚ್ಚಿ ಪೀಠದ ತುಕ್ಕನ್ನೂ ಎಣ್ಣೆಯ ಅಂಶವನ್ನೂ ನೋಡಬೇಕು. ಚಕ್ರದ ನಟ್ಟುಗಳನ್ನು ಬಿಚ್ಚಿ ಹಾಕಿದ್ದರೆ ಅವನ್ನೂ ಅದೇ ದಿನ ಇನ್ನೊಮ್ಮೆ ಬಿಗಿಯಿರಿ. ನಮ್ಮ ಟ್ರ್ಯಾಕ್ಟರಿನ ಎಡ ಹಿಂದಿನ ಚಕ್ರದ ಮೇಲೆ ಅಂದು ಎಳೆದ ಗೆರೆ ಕೆಸರಿನಲ್ಲಿ ಅರ್ಧ ಅಳಿಸಿದೆ. ಪ್ರತಿ ಹಂಗಾಮಿನ ಮೊದಲು ಚಾಲಕರೇ ಅದನ್ನು ಮತ್ತೆ ಎಳೆಯುತ್ತಾರೆ.